ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಪ್ರಾರ್ಥನೆಗೆ ಎದುರುತ್ತರ ಕೊಡುವ ಹಾಗಿಲ್ಲ. ಅಮೆರಿಕದ ಲೇಕ್‌ವುಡ್ ಊರಿನ ಕೊರಿಯನ್ ಕ್ರೈಸ್ತ ಸಭೆಯಲ್ಲಿ ಪ್ಯೋ ಬುನಿಮ್ ಇಪ್ಪತ್ತಾರು ವರ್ಷಗಳಲ್ಲಿ ಕಲಿತ ದೊಡ್ಡ ಪಾಠ ಇದೇ. ಮಾತಿಗೆ ಮಾತು ಸೇರಿಸಬಹುದು, ಬೈದರೆ ತಿರುಗಿ ಬೈಯಬಹುದು. ಆದರೆ ಎದುರಿಗೆ ಕೂತವಳು ಕಣ್ಣು ಮುಚ್ಚಿ, ಕೈ ಜೋಡಿಸಿ, "ಕರ್ತನೇ, ನಿನ್ನ ಈ ಮಗಳ ಅಹಂಕಾರವನ್ನು ಮುರಿ" ಎಂದು ನಿಮ್ಮ ಹೆಸರು ಹಿಡಿದೇ ಬೇಡಿಕೊಂಡರೆ ಏನು ಮಾಡುತ್ತೀರಿ? ಕಣ್ಣು ಬಿಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕೊನೆಯಲ್ಲಿ "ಆಮೆನ್" ಅನ್ನಲೇಬೇಕು, ಅದೂ ಉಳಿದವರಿಗಿಂತ ಜೋರಾಗಿ. ಮೆಲ್ಲಗೆ ಅಂದರೆ ಚುಚ್ಚಿದ್ದು ನಾಟಿತು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬುನಿಮ್ ಮನೆಯಲ್ಲಿ ಆರು ಹೆಂಗಸರ ಪ್ರಾರ್ಥನಾ ಗುಂಪು ಕೂಡುತ್ತಿತ್ತು. ಗುಂಪಿನ ನಾಯಕಿ ಅವಳೇ. ಬಾರ್ಲಿ ನೀರು, ಹೆಚ್ಚಿಟ್ಟ ಸೇಬು, ಎರಡು ಹಾಡು, ಒಂದು ಅಧ್ಯಾಯ. ಆಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳಬೇಕು, ನಾಯಕಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೊನೆಗೆ ಎಲ್ಲರ ಪರವಾಗಿ ದೇವರಿಗೆ ಒಪ್ಪಿಸಬೇಕು. ಕೊರಿಯದವರ ಕೋರಿಕೆ ಬಹಳ ಸಲ ಕೊರೆಯುವಿಕೆಯೇ ಆಗಿರುತ್ತದೆ. ಅದರಲ್ಲಿ ಬುನಿಮ್ ಪಳಗಿದ ಕೈ.

"ಪರಲೋಕದ ತಂದೆಯೇ," ಎಂದು ಒಂದು ಗುರುವಾರ ಅವಳು ಶುರುಮಾಡಿದಳು, "ನಮ್ಮ ಯುಕ್ ಜಿಪ್ಸಮ್ಮನಿಗೆ ಬಿಡುವು ದಯಪಾಲಿಸು. ಪಾಪ, ಕಿಮ್ಚಿ ಉಪ್ಪಿನಕಾಯಿ ಹಾಕೋದಕ್ಕೂ ಪುರುಸೊತ್ತಿಲ್ದೆ ಅಂಗಡಿ ಡಬ್ಬಿಯದ್ದನ್ನೇ ಮನೆ ಜಾಡಿಗೆ ಸುರಿದು ಸಭೆಗೆ ತರೋ ಪರಿಸ್ಥಿತಿ ಬಂದಿದೆ. ನೀನು ಎಲ್ಲವನ್ನೂ ನೋಡುವವನು ತಂದೆಯೇ, ಕಸದ ಬುಟ್ಟಿಯೊಳಗಿನ ಡಬ್ಬಿಯನ್ನೂ ನೋಡಿದ್ದೀಯ."

"ಆಮೆನ್!" ಎಂದರು ನಾಲ್ವರು. ಯುಕ್ ಜಿಪ್ಸಮ್ಮನ ಆಮೆನ್ ಮಾತ್ರ ಆಮೆಯಂತೆ ತಡವಾಗಿ, ತಲೆ ಒಳಗೆಳೆದುಕೊಂಡು ಬಂತು.

ಆ ಸಭೆಯಲ್ಲಿ ಯಾರನ್ನೂ ಬರಿಯ ಹೆಸರಿನಿಂದ ಕರೆಯುವುದಿಲ್ಲ, ಮನೆತನದ ಹೆಸರಿಗೆ ಪದವಿ ಸೇರಿಸಿಯೇ ಕರೆಯಬೇಕು. ಕೆಲವು ವರ್ಷ ನೆಟ್ಟಗೆ ಬಂದುಹೋಗಿ, ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವಳು ಜಿಪ್ಸಾ. ನಮ್ಮ ಬಾಯಿಗೆ ಜಿಪ್ಸಮ್ಮ ಎಂದರೆ ಸರಿಹೋಗುತ್ತದೆ. ಐವತ್ತು ದಾಟಿ, ಸಭೆಯ ಓಟಿನಲ್ಲಿ ಮೂರರಲ್ಲಿ ಎರಡು ಪಾಲು ಗೆದ್ದವಳು ಕ್ವೊನ್ಸಾ. ರೋಗಿಗಳ ಹಾಸಿಗೆಯ ಬಳಿ ಮೊದಲು ಕೂರುವವಳು ಅವಳು, ಸಾವಿನ ಮನೆಯಲ್ಲಿ ಮೊದಲು ಅಳುವವಳೂ ಅವಳೇ. ಒಮ್ಮೆ ಕ್ವೊನ್ಸಮ್ಮ ಆದರೆ ಸಾಯುವ ತನಕ ಕ್ವೊನ್ಸಮ್ಮ. ಸತ್ತ ಮೇಲೆ ಗೋರಿಯ ಕಲ್ಲಿನ ಮೇಲೂ ಆ ಹೆಸರೇ.

ಬುನಿಮ್ ಎರಡು ಸಲ ನಿಂತು ಎರಡು ಸಲವೂ ಸೋತಿದ್ದಳು. ಮೊದಲ ಸಲ ಹನ್ನೊಂದು ಓಟು ಕಮ್ಮಿ, ಎರಡನೆಯ ಸಲ ನಾಲ್ಕು. ಓಟು ನಡೆಯುವುದು ಮೂರು ವರ್ಷಕ್ಕೊಮ್ಮೆ. ಅರವತ್ತೈದು ದಾಟಿದವರು ನಿಲ್ಲುವಂತಿಲ್ಲ. ಅವಳಿಗೀಗ ಅರವತ್ತಮೂರು. ಈ ಏಪ್ರಿಲ್ ಕೈಬಿಟ್ಟರೆ ಮುಗಿಯಿತು, ಅವಳ ಕಲ್ಲಿನ ಮೇಲೆ ಜಿಪ್ಸಾ ಎಂದೇ ಕೆತ್ತಿಸಬೇಕು. ಸೈನ್ಯದ ಪಾಳೆಯದ ಗೇಟಿನೆದುರು ಅವಳದೊಂದು ಹೊಲಿಗೆ ಅಂಗಡಿ. ಹಗಲೆಲ್ಲ ಸಿಪಾಯಿಗಳ ಅಂಗಿಗೆ ಜಿಪ್ಪು ಹಾಕುವ ಜಿಪ್ಸಮ್ಮ. ಇಪ್ಪತ್ತು ದಾಟದ ಹುಡುಗರು ಬಂದು "ನನಗೆ ಬಡ್ತಿ ಸಿಕ್ತು" ಎಂದು ಹಲ್ಲು ಕಿರಿಯುತ್ತ ಹೊಸ ಪಟ್ಟಿ ಹೊಲಿಸಿಕೊಂಡು ಹೋಗುತ್ತಿದ್ದರು. ಊರಿನವರ ಪದವಿಯನ್ನೆಲ್ಲ ತನ್ನ ಕೈಯಾರೆ ಹೊಲಿದವಳಿಗೆ ತನ್ನದೊಂದು ದಕ್ಕಿರಲಿಲ್ಲ.

ಸೋಲಿಗೆ ಕಾರಣ ಅವಳಿಗೆ ಗೊತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ. ಬುನಿಮ್ ಅಣಕಿಸುತ್ತಿದ್ದಳು. ಪಾಸ್ಟರ್ ಸೋಕ್ ವಾಕ್ಯದ ಕೊನೆಯನ್ನು ನುಂಗಿ ಹಲ್ಲೆಲೂಯಾವನ್ನು ಉಸಿರು ಒಳಗೆಳೆದುಕೊಳ್ಳುತ್ತ ಹೇಳುವುದನ್ನೂ, ಸಭೆಯ ಹಿರಿಯ ಬಾನ್ ಮೂರು ಸಲ ಕೆಮ್ಮಿ ನಾಲ್ಕನೆಯದಕ್ಕೆ ಮಾತು ತೆಗೆಯುವುದನ್ನೂ ಅವಳು ಅಡುಗೆಮನೆಯಲ್ಲಿ ಮಾಡಿ ತೋರಿಸಿದರೆ ಹೆಂಗಸರು ಸೌಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಕ್ಕವರೆಲ್ಲ ಓಟು ಹಾಕಿದ್ದರೆ ಅವಳು ಎಂದೋ ಗೆದ್ದಿರಬೇಕಿತ್ತು. ಆದರೆ ನಗು ಮುಗಿದ ಮೇಲೆ ಪ್ರತಿಯೊಬ್ಬಳಿಗೂ ಒಂದೇ ಯೋಚನೆ: ನಾನಿಲ್ಲದ ಕಡೆ ಇವಳು ನನ್ನನ್ನು ಹೇಗೆ ಮಾಡಿ ತೋರಿಸುತ್ತಾಳೋ.

ಈ ಸಲ ಸ್ಥಾನ ಒಂದೇ, ಹೆಸರು ಎರಡು. ಇನ್ನೊಂದು ಹೆಸರು ಮೇಂಗ್ ಓಕ್ರಾನ್.

ಓಕ್ರಾನ್‌ಗೆ ಅರವತ್ತೊಂದು. ಅಮೆರಿಕನ್ ಸಾರ್ಜೆಂಟನೊಬ್ಬನ ವಿಧವೆ. ಹೆರಿಗೆಯಾದ ಮನೆಗೆಲ್ಲ ಕಡಲಪಾಚಿಯ ಸಾರು ಮಾಡಿಕೊಂಡು ಹೋಗಿ, ಬಾಗಿಲಲ್ಲೇ ಪಾತ್ರೆ ಕೊಟ್ಟು ಬರುವ ಹೆಂಗಸು. ಬುನಿಮ್‌ಳ ಗುಂಪಿನಲ್ಲೇ ಇದ್ದಳು, ಆದರೆ ಅವಳ ಕೋರಿಕೆ ವರ್ಷಗಟ್ಟಲೆ ಒಂದೇ: "ಎಲ್ಲರೂ ಚೆನ್ನಾಗಿರಲಿ." ಇದನ್ನಿಟ್ಟುಕೊಂಡು ಏನು ಮಾಡುವುದು? ಹಿಡಿಯೋಣವೆಂದರೆ ಪಾತ್ರೆಗೆ ಹಿಡಿಯೇ ಇಲ್ಲ. ಅವಳನ್ನು ಅಣಕಿಸಲು ಹೋಗಿಯೂ ಬುನಿಮ್ ಸೋತಿದ್ದಳು. ದನಿ ಸಿಗುತ್ತಿತ್ತು, ನಗು ಬರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಉಳಿದವರು ಹೋದ ಮೇಲೆ ಓಕ್ರಾನ್ ಕಪ್ಪು ತೊಳೆಯಲು ನಿಂತಳು. ಬುನಿಮ್ ಗಾಳ ಹಾಕಿದಳು.

"ಮೇಂಗ್ ಜಿಪ್ಸಮ್ಮ, ಕೂತ್ಕೊಳಿ. ಕಪ್ಪು ಓಡಿಹೋಗಲ್ಲ."

"ಎರಡೇ ಇದೆ ಅಕ್ಕ."

"ಕೂತ್ಕೊಳಿ ಅಂದ್ನಲ್ಲ. ನನ್ನ ಎದೆ ಒಡೆದುಹೋಗ್ತಿದೆ, ಇವರಿಗೆ ಕಪ್ಪಿನ ಚಿಂತೆ." ಬುನಿಮ್ ಸೆರಗಿಲ್ಲದ ಕಾರಣ ಅಂಗಿಯ ತೋಳನ್ನೇ ಕಣ್ಣಿಗೆ ಒತ್ತಿಕೊಂಡಳು. "ನನ್ನ ಜುಂಟೇಕ್... ಯಾರಿಗೂ ಹೇಳಿಲ್ಲ. ಹೆದ್ದಾರಿ ಪಕ್ಕದ ಕ್ಯಾಸಿನೊ ಇದೆಯಲ್ಲ, ಅಲ್ಲೇ ಬಿದ್ದಿರ್ತಾನೆ. 'ಅಮ್ಮ, ಇದೇ ಕೊನೇ ಸಲ' ಅಂತಾನೆ. ಮಾರನೇ ದಿನ ಮತ್ತೆ."

ಇದು ಹಸಿ ಸುಳ್ಳು. ಮೂವತ್ತಾರು ವರ್ಷದ ಜುಂಟೇಕ್ ಪಕ್ಕದ ಊರು ಟಕೋಮಾದ ಕೊರಿಯನ್ ಔಷಧಿ ಅಂಗಡಿಯಲ್ಲಿ ಔಷಧಿ ಕೊಡುವವನು. ಇಸ್ಪೀಟಿನಲ್ಲಿ ಎಷ್ಟು ಎಲೆ ಎಂದು ಕೇಳಿದರೂ ಯೋಚಿಸಿ ಹೇಳಬೇಕಾದ ಸಾಧು. ಹಿರಿಯ ಬಾನ್ ಅವರ ಮಗಳೊಂದಿಗೆ ಅವನ ಮದುವೆಯ ಮಾತು ಮುಕ್ಕಾಲು ಮುಗಿದಿತ್ತು. ಆದರೆ ಗುಟ್ಟು ಹೊರಡಿಸಲು ಗುಟ್ಟನ್ನೇ ಎರೆ ಇಡಬೇಕು. ನಿಜವಾದ ಗುಟ್ಟನ್ನು ಎರೆ ಇಡುವಷ್ಟು ಬುನಿಮ್ ದಡ್ಡಿಯಲ್ಲ. ಮಗನ ಗೋಳಿನ ದನಿಯನ್ನು ಅವಳು ಎಷ್ಟು ಚೆನ್ನಾಗಿ ತೆಗೆದಳೆಂದರೆ ಅವಳ ಕಣ್ಣಲ್ಲೇ ನೀರು ಬಂತು.

ಓಕ್ರಾನ್ ಒದ್ದೆ ಕೈಯನ್ನು ಒರೆಸಿಕೊಳ್ಳದೆ ಅವಳ ಕೈ ಹಿಡಿದಳು.

"ಅಕ್ಕ, ನಾನೂ ಒಂದು ಹೇಳ್ಲಾ? ನಲವತ್ತು ವರ್ಷದಿಂದ ಬಾಯಿ ಬಿಟ್ಟಿಲ್ಲ."

"ನನ್ನ ಹತ್ರ ಹೇಳಿದ್ರೆ ಬಾವಿಗೆ ಹಾಕಿದ ಹಾಗೆ."

"ಮದುವೆಗೆ ಮುಂಚೆ, ಕೊರಿಯದಲ್ಲಿ, ಅಮೆರಿಕನ್ನರ ಪಾಳೆಯದ ಮುಂದಿನ ಬೀದೀಲಿ ಗ್ಲಾಸು ತೊಳೀತಿದ್ದೆ. ಬರೀ ಗ್ಲಾಸು ಅಂದ್ರೆ ಯಾರೂ ನಂಬಲ್ಲ, ನಂಬೋದೂ ಬೇಡ. ಒಂದು ಹೆಣ್ಣು ಮಗು ಆಯ್ತು. ಅಪ್ಪ ವರ್ಗ ಆಗಿ ಹೋದ. ಮೂರು ತಿಂಗಳು ಹಾಲು ಕೊಟ್ಟು, ದತ್ತು ಕಳಿಸೋರ ಕೈಗೆ ಕೊಟ್ಟುಬಿಟ್ಟೆ. ಈಗ ಮಿನೆಸೋಟದಿಂದ ಅವಳ ಕಾಗದ ಬಂದಿದೆ. ಹೈಡಿ ಅಂತ ಹೆಸರಂತೆ. ಮೇ ತಿಂಗಳಲ್ಲಿ ಬರ್ತಾಳಂತೆ. ಬಯ್ಯೋದಕ್ಕೆ ಬರ್ತಾಳೋ ನೋಡೋದಕ್ಕೆ ಬರ್ತಾಳೋ ಗೊತ್ತಿಲ್ಲ." ಅವಳು ಸಣ್ಣಗೆ ನಕ್ಕಳು. "ಬಯ್ದ್ರೂ ಇಂಗ್ಲಿಷಲ್ಲೇ ಬಯ್ಯೋದು, ಅರ್ಧ ನನಗೆ ತಿಳಿಯಲ್ಲ. ಅವಳ ಮುಂದೆ ನನ್ನ ಕಾಲು ನಿಲ್ಲೋ ಹಾಗೆ ಬೇಡ್ಕೊಳಿ ಅಕ್ಕ. ದೇವರ ಹತ್ರ ಮಾತ್ರ."

"ದೇವರ ಹತ್ರ ಮಾತ್ರ," ಎಂದಳು ಬುನಿಮ್.

"ಜುಂಟೇಕ್‌ಗೋಸ್ಕರ ನಾನೂ ದಿನಾ ಬೇಡ್ಕೋತೀನಿ. ಹೆಸರು ಹಿಡಿದೇ."

ಬುನಿಮ್‌ಗೆ ಒಂದು ಕ್ಷಣ ಹೇಗೋ ಆಯಿತು. ಇಲ್ಲದ ರೋಗಕ್ಕೆ ಯಾರೋ ನಿಜವಾಗಿ ಹರಕೆ ಹೊತ್ತರೆ ಆ ವಿಳಾಸ ತಪ್ಪಿದ ಪ್ರಾರ್ಥನೆ ಎಲ್ಲಿಗೆ ಹೋಗಿ ಸೇರುತ್ತದೆ? ಆಮೇಲೆ, ದೇವರೇನು ಅಂಚೆಯವನೇ, ಎಂದು ಸಮಾಧಾನ ಮಾಡಿಕೊಂಡಳು.

ಚಾಡಿ ಹೇಳುವುದು ಪಾಪ. ಹಾಗಾಗಿ ಬುನಿಮ್ ಚಾಡಿ ಹೇಳಲಿಲ್ಲ, ಪ್ರಾರ್ಥನೆ ಬೇಡಿದಳು. ಸಭೆಯ ಮೂವತ್ತನಾಲ್ಕು ಹೆಂಗಸರ ಮೊಬೈಲ್ ಗುಂಪಿಗೆ ಅವಳು ಬರೆದದ್ದು ಇಷ್ಟು: "ತುರ್ತು ಪ್ರಾರ್ಥನೆ. ನಮ್ಮ ಒಬ್ಬ ಸಹೋದರಿ. ಹೆಸರು ಬೇಡ, ಕರ್ತನಿಗೆ ಗೊತ್ತು. ಯೌವನದಲ್ಲಿ ಪಾಳೆಯದ ಬೀದಿಯಲ್ಲಾದ ಗಾಯ. ಬಿಟ್ಟುಕೊಟ್ಟ ಮಗು. ದಯವಿಟ್ಟು ಯಾರು ಅಂತ ಕೇಳಬೇಡಿ."

ಬರೆದು ಫೋನು ಕೆಳಗಿಡುವಷ್ಟರಲ್ಲಿ ಯುಕ್ ಜಿಪ್ಸಮ್ಮನ ಕರೆ.

"ಯಾರು ಅಂತ ಕೇಳ್ತಿಲ್ಲ ಅಕ್ಕ. ಆದ್ರೆ ವಿವರ ಇಲ್ದೆ ಪ್ರಾರ್ಥನೆ ಮಾಡಿದ್ರೆ ಗಾಳಿಗೆ ಗುಂಡು ಹೊಡೆದ ಹಾಗಲ್ವಾ?"

"ನನ್ನ ಬಾಯಿ ಬಿಡಿಸಬೇಡ."

"ಬಿಡಿಸಲ್ಲ. ನಮ್ಮ ಗುರುವಾರದ ಗುಂಪಿನವರಾ, ಅಷ್ಟು ಹೇಳಿ."

"ನಾನು ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ."

"ಗಂಡ ಬಿಳಿಯನಾ?"

"ಗಂಡ ತೀರಿಕೊಂಡಿದ್ದಾನೆ. ಇಷ್ಟರ ಮೇಲೆ ಒಂದಕ್ಷರ ಕೇಳಬೇಡ."

"ಅಯ್ಯೋ ಕರ್ತನೇ! ಸಾರಿನ ಜಿಪ್ಸಮ್ಮನಾ!"

"ನಾನು ಹೇಳಿಲ್ಲ," ಎಂದಳು ಬುನಿಮ್, ಮತ್ತು ಅದು ನಿಜವೇ ಆಗಿತ್ತು.

ಶನಿವಾರದ ಹೊತ್ತಿಗೆ ಸಭೆಗೆ ಸಭೆಯೇ ಮೊಣಕಾಲೂರಿತ್ತು. ತಮಾಷೆ ಎಂದರೆ, ಈ ಊರಿನ ಅರ್ಧಕ್ಕರ್ಧ ಕೊರಿಯನ್ ಕುಟುಂಬಗಳು ಇಲ್ಲಿಗೆ ಬಂದದ್ದೇ ಅಂಥ ಯಾರೋ ಒಬ್ಬ ಅಕ್ಕ ಸಿಪಾಯಿಯನ್ನು ಮದುವೆಯಾಗಿ, ತಮ್ಮಂದಿರನ್ನೂ ಅವರ ಹೆಂಡಿರನ್ನೂ ಕಾಗದಪತ್ರ ಮಾಡಿ ಕರೆಸಿಕೊಂಡದ್ದರಿಂದ. ಬುನಿಮ್‌ಳ ಗಂಡ, ಆರು ವರ್ಷದ ಹಿಂದೆ ತೀರಿಕೊಂಡವನು, ಬಂದದ್ದೂ ಹಾಗೆಯೇ. ಅವನ ಆ ಅಕ್ಕ ಹತ್ತು ಮೈಲಿ ಆಚೆ ಒಂಟಿಯಾಗಿದ್ದಳು. ಬುನಿಮ್ ಅವಳನ್ನು ಒಂದು ಈಸ್ಟರಿಗೂ ಸಭೆಗೆ ಕರೆದವಳಲ್ಲ. ಯಾರ ಮನೆಯಲ್ಲಿ ಅಂಥ ಅಕ್ಕ ಇದ್ದಳೋ ಅವರೇ ಈಗ ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸುತ್ತಿದ್ದರು.

ಭಾನುವಾರ ಆರಾಧನೆ ಮುಗಿದು ನೆಲಮಾಳಿಗೆಯಲ್ಲಿ ಊಟ. ಓಕ್ರಾನ್ ಎಂದಿನಂತೆ ಸಾರಿನ ಹಂಡೆಯ ಹಿಂದೆ ನಿಂತಿದ್ದಳು. ಯಾರೂ ಅವಳಿಗೆ ಒಂದು ಒರಟು ಮಾತು ಆಡಲಿಲ್ಲ, ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬಳು ಬಟ್ಟಲು ಚಾಚಿ ಅವಳ ಮಣಿಕಟ್ಟು ಸವರಿದಳು. ಇನ್ನೊಬ್ಬಳು "ಕರ್ತನ ರಕ್ತ ಎಂಥ ಕಲೆಯನ್ನೂ ತೊಳೆಯುತ್ತೆ" ಎಂದು ಅವಳ ಬೆರಳುಗಳನ್ನೇ ನೋಡಿದಳು. ಎಂಬತ್ತೆರಡರ ಚೋನ್ ಕ್ವೊನ್ಸಮ್ಮ, ಕಿವಿ ಮಂದವಾದ್ದರಿಂದ ಗುಟ್ಟನ್ನೂ ಕೂಗಿಯೇ ಕೇಳುವವಳು, ಹಂಡೆಯ ಮೇಲೆ ಬಾಗಿ ಕೇಳಿದಳು:

"ಕೈಯಿಂದ ಎತ್ತಿಕೊಂಡು ಹೋದ್ರಲ್ಲಮ್ಮ, ಆಗ ಮಗು ಅಳ್ತಾ ಇತ್ತಾ, ಮಲಗಿತ್ತಾ?"

ಸಾಲಿನಲ್ಲಿದ್ದವರೆಲ್ಲ ಹಂಡೆಯ ಕಡೆ ತಿರುಗಿದರು.

"ಮಲಗಿತ್ತು ಅಮ್ಮ," ಎಂದಳು ಓಕ್ರಾನ್. ಆಮೇಲೆ ಕತ್ತೆತ್ತಿ ಸಾಲಿನ ಹತ್ತನೆಯವಳಾಗಿ ನಿಂತಿದ್ದ ಬುನಿಮ್‌ಳನ್ನು ನೋಡಿದಳು. ನೋಡಿ, ಕಣ್ಣು ಇಳಿಸಿ, ಮುಂದಿನವರಿಗೆ ಬಡಿಸಿದಳು. ಬುನಿಮ್‌ಳ ಸರದಿ ಬಂದಾಗ ಬಟ್ಟಲಿಗೆ ಒಂದು ಸೌಟು ಹೆಚ್ಚೇ ಹಾಕಿದಳು. ಬುನಿಮ್ ಅದನ್ನು ಪೂರ್ತಿ ಕುಡಿದಳು. ಸಾರು ಚೆನ್ನಾಗಿಯೇ ಇತ್ತು.

ಓಟಿನ ಭಾನುವಾರ ಬಂತು. ಆ ಸಭೆಯಲ್ಲಿ ಪ್ರಸಂಗಕ್ಕೆ ಮುಂಚೆ ಒಬ್ಬರು ವೇದಿಕೆ ಹತ್ತಿ ಎಲ್ಲರ ಪರವಾಗಿ ಪ್ರಾರ್ಥಿಸಬೇಕು. ಸರದಿ ಮೂರು ತಿಂಗಳ ಮೊದಲೇ ಅಚ್ಚಾಗಿರುತ್ತದೆ. ಆ ದಿನದ ಸರದಿ ಓಕ್ರಾನ್‌ಳದು. ಬೇಡವಾದರೆ ಬಿಡಬಹುದು ಎಂದು ಪಾಸ್ಟರ್ ಸೋಕ್ ಫೋನು ಮಾಡಿ ಹೇಳಿದ್ದರಂತೆ. ಅವಳು ಬೂದು ಬಣ್ಣದ ಕೋಟು ಹಾಕಿಕೊಂಡು ಬಂದಳು.

ಕಾಗದ ನೋಡಿಕೊಂಡು ಓದಿದಳು. ಎರಡು ಹೋಳಾದ ತಾಯ್ನಾಡಿಗಾಗಿ, ಪಾಳೆಯದ ಹುಡುಗರಿಗಾಗಿ, ಆಸ್ಪತ್ರೆಯಲ್ಲಿದ್ದ ಮೂವರಿಗಾಗಿ. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟಳು. ಕಣ್ಣು ಮುಚ್ಚಿದವರಲ್ಲಿ ಕದ್ದು ನೋಡುತ್ತಿದ್ದವಳು ಬುನಿಮ್ ಒಬ್ಬಳೇ. ಈಗ ನನ್ನ ಹೆಸರು ಹಿಡಿದು ಕರ್ತನ ಮುಂದೆ ದೂರು ಕೊಡುತ್ತಾಳೆ, ಕೊಡಲಿ, ಎಂದುಕೊಂಡು ಅವಳು ತಪ್ಪಿಲ್ಲದೆ ಬೈಸಿಕೊಳ್ಳುವವಳ ಮುಖವನ್ನು ಸಿದ್ಧಮಾಡಿಕೊಂಡಳು.

"ಕರ್ತನೇ, ನಾನು ಒಬ್ಬಳೇ ಹೊತ್ತುಕೊಂಡಿದ್ದ ಹೊರೆಗಾಗಿ ಈಗ ಇಡೀ ಸಭೆ ಪ್ರಾರ್ಥಿಸ್ತಾ ಇದೆ ಅಂತ ತಿಳೀತು. ಒಬ್ಬಳ ಪ್ರಾರ್ಥನೆಗಿಂತ ನೂರು ಜನರದ್ದು ದೊಡ್ಡದು ಅಂತ ಪ್ಯೋ ಜಿಪ್ಸಮ್ಮ ನನಗೆ ಕಲಿಸಿದ್ರು. ಹಾಗಿರುವಾಗ ಅವರ ಹೊರೆಯನ್ನ ನಾನೊಬ್ಬಳೇ ಬಚ್ಚಿಟ್ಟುಕೊಂಡಿದ್ದು ತಪ್ಪಾಯ್ತು ತಂದೆಯೇ. ಅವರ ಮಗ ಜುಂಟೇಕ್‌ನನ್ನ ಕ್ಯಾಸಿನೊದ ಜೂಜಿನ ಮೇಜಿನಿಂದ ಎಬ್ಬಿಸು. 'ಇದೇ ಕೊನೇ ಸಲ' ಅಂತ ಅವನು ತಾಯಿಗೆ ಹೇಳೋ ಮಾತನ್ನ ನಿಜ ಮಾಡು. ನನ್ನ ಕೈ ಹಿಡಿದು ಅತ್ತ ಆ ತಾಯಿಯ ಕಣ್ಣೀರನ್ನ ನೋಡು."

"ಆಮೆನ್!" ಗೋಡೆಯ ಶಿಲುಬೆ ಅದುರುವಂಥ ಆಮೆನ್.

ಮುಂದಿನ ಸಾಲುಗಳಿಂದ ಬಿಕ್ಕುವ ಸದ್ದು ಬಂತು. ಪಾಸ್ಟರ್ ಸೋಕ್ ಇಂಥ ಗಳಿಗೆಯನ್ನು ಬಿಡುವವರಲ್ಲ. "ಕರ್ತನೇ ಎಂದು ಮೂರು ಸಲ ಕೂಗಿ, ಎಲ್ಲರೂ ಒಟ್ಟಿಗೆ ದನಿಯೆತ್ತಿ ಈ ಮಗನಿಗಾಗಿ..." ಎಂದು ಉಳಿದದ್ದನ್ನು ನುಂಗಿದರು. ನೂರನಲವತ್ತು ಜನ ಏಕಕಾಲಕ್ಕೆ ಕೂಗತೊಡಗಿದರು. ಮುಷ್ಟಿಗಳು ಎದ್ದವು. ಜುಂಟೇಕ್ ಎಂಬ ಹೆಸರು ನೂರನಲವತ್ತು ಬಾಯಲ್ಲಿ ನುಚ್ಚುನೂರಾಗಿ ಸೂರಿಗೆ ಬಡಿಯಿತು.

ಜುಂಟೇಕ್ ಮೂರನೆಯ ಸಾಲಿನಲ್ಲಿ, ಬಾನ್ ಅವರ ಮಗಳ ಪಕ್ಕದಲ್ಲೇ ಕೂತಿದ್ದ. ಅವನೊಬ್ಬ ಕಣ್ಣು ಬಿಟ್ಟುಕೊಂಡು ಹಿಂದಕ್ಕೆ ತಿರುಗಿ ತಾಯಿಯನ್ನು ಹುಡುಕಿದ. ಸಿಕ್ಕಳು. "ಏನಿದು?" ಎಂದು ತುಟಿ ಆಡಿಸಿದ.

ಎದ್ದು ನಿಂತು ಸುಳ್ಳು ಎನ್ನಬಹುದಿತ್ತು. ಆದರೆ ಯಾರ ಸುಳ್ಳು? ಕೈ ಹಿಡಿದು ಅತ್ತವಳು ಯಾರು? ಸುಮ್ಮನೆ ಕೂರುವಂತೆಯೂ ಇರಲಿಲ್ಲ. ಊರೆಲ್ಲ ಮಗನಿಗಾಗಿ ಗಂಟಲು ಹರಿದುಕೊಳ್ಳುವಾಗ ಹೆತ್ತವಳು ಬಾಯಿ ಮುಚ್ಚಿಕೊಂಡಿದ್ದರೆ ನೋಡಿದವರು ಏನೆಂದಾರು? ಬುನಿಮ್ ಎರಡೂ ಕೈ ಎತ್ತಿದಳು.

"ಕರ್ತನೇ! ನನ್ನ ಮಗನನ್ನ ಬಿಡಿಸು!"

ಜುಂಟೇಕ್ ತಿರುಗಿ ಕೂತ.

ಓಟು ಊಟದ ನಂತರ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಕೆಳಗೆ ಅವನು ಅವಳನ್ನು ನಿಲ್ಲಿಸಿದ.

"ಅಮ್ಮ, ನಾನು ಯಾವಾಗ ಕ್ಯಾಸಿನೊ ಮುಖ ನೋಡಿದ್ದೀನಿ?"

"ಮೆಲ್ಲಗೆ ಮಾತಾಡೋ."

"ಬಾನ್ ಹಿರಿಯರು ಊಟಕ್ಕೂ ನಿಲ್ಲಲಿಲ್ಲ, ಮಗಳನ್ನ ಕಾರಿಗೆ ಹತ್ತಿಸಿಕೊಂಡು ಹೋದ್ರು. ನಮ್ಮ ಅಂಗಡಿಗೆ ಬರೋರಲ್ಲಿ ಅರ್ಧ ಜನ ಇಲ್ಲಿಯವರೇ. ನಿದ್ದೆ ಮಾತ್ರೆ, ನೋವಿನ ಮಾತ್ರೆ ಇಡೋ ಕಪಾಟಿನ ಬೀಗದಕೈ ನನ್ನ ಸೊಂಟದಲ್ಲಿರುತ್ತೆ ಅಮ್ಮ. ಜೂಜುಕೋರನ ಸೊಂಟದಲ್ಲಿ ಯಾರು ಬಿಡ್ತಾರೆ? ಒಳಗೆ ಹೋಗಿ ಒಂದೇ ಮಾತು ಹೇಳು. ಸುಳ್ಳು ಅಂತ."

"ಸುಳ್ಳು ಅಂದ್ರೆ, ಯಾರು ಹೇಳಿದ್ದು ಅಂತ ಕೇಳ್ತಾರೆ."

"ಯಾರು ಹೇಳಿದ್ದು?"

ಬುನಿಮ್ ಮಗನ ಟೈ ಸರಿಮಾಡಿದಳು. ಅವನಿಗೆ ಉತ್ತರ ಸಿಕ್ಕಿತು.

"ಓಟು ಮುಗೀಲಿ," ಎಂದಳು. "ಇವತ್ತೊಂದಿನ. ಆಮೇಲೆ ಹೇಳ್ತೀನಿ. ನಿನ್ನಾಣೆ."

ಊಟದ ಸಾಲಿನಲ್ಲಿ ಹೆಂಗಸರು ಅವಳಿಗೆ ದಾರಿ ಬಿಟ್ಟರು. ಕುರ್ಚಿ ಎಳೆದುಕೊಟ್ಟರು. ಯುಕ್ ಜಿಪ್ಸಮ್ಮ ತನ್ನ ತಟ್ಟೆಯ ಮೀನನ್ನು ಮುಳ್ಳು ಬಿಡಿಸಿ ಅವಳ ಅನ್ನದ ಮೇಲಿಟ್ಟಳು. "ತಿನ್ನಿ ಅಕ್ಕ. ಎಷ್ಟು ನೋವು ನುಂಗಿಕೊಂಡು ನಮ್ಮನ್ನ ನಗಿಸ್ತಿದ್ರಿ ನೀವು!" ಇಪ್ಪತ್ತಾರು ವರ್ಷ ಈ ಹೆಂಗಸರು ಬುನಿಮ್‌ಗೆ ಹೆದರಿದ್ದರು. ಇವತ್ತು ಅವಳದೊಂದು ಜುಟ್ಟು ಅವರ ಕೈಗೆ ಸಿಕ್ಕಿತ್ತು. ಇನ್ನು ಅವಳನ್ನು ಪ್ರೀತಿಸಲು ಅಡ್ಡಿಯಿರಲಿಲ್ಲ.

ಓಕ್ರಾನ್ ಸಾರಿನ ಬಟ್ಟಲು ತಂದು ಮುಂದಿಟ್ಟಳು. ಬಾಗಿ, ಕಿವಿಯ ಹತ್ತಿರ ಹೇಳಿದಳು:

"ಅಕ್ಕ, ಜುಂಟೇಕ್ ವಿಷಯ ನಿಜ ತಾನೆ? ಸುಳ್ಳಾಗಿದ್ದಿದ್ರೆ ನೀವು ಅಲ್ಲೇ ಎದ್ದು ಹೇಳ್ತಿದ್ರಿ, ಅಲ್ವಾ?"

ಅವಳ ಮುಖದಲ್ಲಿ ಏನೂ ಇರಲಿಲ್ಲ. ಬುನಿಮ್ ಎಷ್ಟು ಮುಖಗಳನ್ನು ಓದಿ ಆಡಿ ತೋರಿಸಿದ್ದಳು. ಈ ಮುಖವನ್ನು ಓದಲಾಗಲಿಲ್ಲ.

"ನಿಜವೇ," ಎಂದಳು.

"ಹಾಗಾದ್ರೆ ನನ್ನ ಓಟೂ ನಿಮಗೇ."

ಉಳಿದ ನೂರಮೂವತ್ತೆಂಟು ಓಟಿನಲ್ಲಿ ಬೇಕಾದದ್ದು ತೊಂಬತ್ತೆರಡು. ಬುನಿಮ್‌ಗೆ ಬಿದ್ದದ್ದು ನೂರಹದಿನೇಳು. ಪಾಸ್ಟರ್ ಸೋಕ್ ಸಂಖ್ಯೆಯನ್ನು ಎರಡು ಸಲ ಓದಿದರು, ಎರಡು ಸಲವೂ ಕೊನೆಯ ಅಂಕಿಯನ್ನು ನುಂಗಿದರು.

ಮಗನಿಗೆ ಮಾತು ಕೊಟ್ಟಿದ್ದ ಆ 'ಆಮೇಲೆ' ಎಂಬುದು ಬರಲಿಲ್ಲ. ಗೆದ್ದ ಮಾತ್ರಕ್ಕೆ ಪದವಿ ಕೈಗೆ ಬರುವುದಿಲ್ಲ. ಐದು ವಾರದ ನಂತರ ಪ್ರತಿಷ್ಠೆಯ ಆರಾಧನೆ, ಅಲ್ಲಿಯವರೆಗೆ ಹಿರಿಯರ ಮಂಡಳಿ ಯಾವ ಕಾರಣಕ್ಕೂ ಹೆಸರು ಹೊಡೆದುಹಾಕಬಹುದು. ಮೊದಲ ವಾರ ಬಾನ್ ಅವರ ಹೆಂಡತಿ ಮದುವೆ ಮಾತಿಗೆಂದು ಬುನಿಮ್ ಒಯ್ದುಕೊಟ್ಟಿದ್ದ ರೇಷ್ಮೆಯ ಗಂಟನ್ನು ಬಿಚ್ಚದೆ ವಾಪಸು ಕಳಿಸಿದಳು. ಎರಡನೆಯ ವಾರ ಔಷಧಿ ಅಂಗಡಿಯ ಯಜಮಾನರು, "ನನಗೆ ನಂಬಿಕೆ ಇದೆಯಪ್ಪ, ಗಿರಾಕಿಗಳದ್ದೇ ಗೊಣಗಾಟ" ಎಂದು ಬೀಗದಕೈ ಇಸಿದುಕೊಂಡು ಜುಂಟೇಕ್‌ನನ್ನು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಲು ಹಾಕಿದರು. ಮೂರನೆಯ ವಾರ ಹೆಂಗಸರು ಅವನ ಬಿಡುಗಡೆಗಾಗಿ ಇಪ್ಪತ್ತೊಂದು ಮುಂಜಾವಿನ ಪ್ರಾರ್ಥನೆ ಹಿಡಿದರು. ಕ್ಯಾಸಿನೊದ ಹತ್ತಿರ ಕಾರು ನಿಲ್ಲಿಸಿಕೊಂಡು ಅವನಿಗಾಗಿ ಕಾಯುವ ಸರದಿಯನ್ನೂ ಹಾಕಿಕೊಂಡರು. ಅವನು ಒಂದು ದಿನವೂ ಕಾಣಿಸಲಿಲ್ಲ; ಪ್ರಾರ್ಥನೆ ಫಲಿಸುತ್ತಿದೆ ಎಂದು ಕುಣಿದರು.

ಓಕ್ರಾನ್ ಮೇ ಮೊದಲ ವಾರ ಮಿನೆಸೋಟದಿಂದ ಬಂದವಳನ್ನು ವಿಮಾನ ನಿಲ್ದಾಣದಿಂದ ಕರೆತಂದಳಂತೆ. ಹೇಗಿದ್ದಳು, ಬೈದಳೋ ಅತ್ತಳೋ, ಯಾರಿಗೂ ತಿಳಿಯಲಿಲ್ಲ. ಸಭೆಗೆ ಆಮೇಲೆ ಓಕ್ರಾನ್ ಬರಲೇ ಇಲ್ಲ. ಅಡುಗೆಮನೆಯ ಕಪಾಟಿನಿಂದ ತನ್ನ ಹಂಡೆಯನ್ನು ಮಾತ್ರ ಒಂದು ಮಂಗಳವಾರ ಬಂದು ಒಯ್ದಿದ್ದಳು.

ಜುಂಟೇಕ್ ದಿನಾ ಫೋನು ಮಾಡುತ್ತಿದ್ದ. ಕೊನೆಯ ಸಲ ಅವನ ದನಿ ಬತ್ತಿಹೋಗಿತ್ತು.

"ಹೇಳ್ತೀನಿ ಅಂದೆಯಲ್ಲಮ್ಮ."

"ಪ್ರತಿಷ್ಠೆ ದಿನ ಹೇಳ್ತೀನಿ. ಪಾಸ್ಟರ್ ನನ್ನ ಕೈಲಿ ಸಾಕ್ಷಿ ಹೇಳಿಸ್ತಾರಂತೆ, ಹತ್ತು ನಿಮಿಷ. ಎಲ್ಲರ ಮುಂದೆ ಹೇಳಿಬಿಡ್ತೀನಿ. ನೀನು ಬಾ. ನೀನು ಬರಲೇಬೇಕು."

ಅವನು ಬಂದ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತ.

ಬುನಿಮ್ ತಿಳಿಹಸಿರು ರೇಷ್ಮೆಯ ನಿಲುವಂಗಿ ತೊಟ್ಟು ವೇದಿಕೆ ಹತ್ತಿದಳು. ಹೇಳಲೆಂದೇ ಹತ್ತಿದಳು, ಅಷ್ಟು ಮಟ್ಟಿಗೆ ಅವಳನ್ನು ನಂಬಬೇಕು. ಹಿಂದಿನ ರಾತ್ರಿ ಕನ್ನಡಿಯ ಮುಂದೆ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದಳು: ನನ್ನ ಮಗ ಜೂಜಾಡಿಲ್ಲ, ನಾನು ಸುಳ್ಳು ಹೇಳಿದೆ. ಆರೇ ಪದ. ಮೈಕಿನ ಮುಂದೆ ನಿಂತು ಕೆಳಗೆ ನೋಡಿದಳು. ನೂರನಲವತ್ತು ಮುಖಗಳು, ಕೈಯಲ್ಲಿ ಮೊದಲೇ ತೆಗೆದಿಟ್ಟುಕೊಂಡ ಕರವಸ್ತ್ರಗಳು. ಪೀಠದ ಪಕ್ಕದ ಮೇಜಿನ ಮೇಲೆ ಅವಳ ಹೆಸರು ಬರೆದ ಪ್ರಮಾಣಪತ್ರ, ಎದೆಗೆ ಚುಚ್ಚಬೇಕಾದ ಹೂವು. ಪಾಸ್ಟರ್ ಇನ್ನೂ ಕೈ ಇಟ್ಟು ಹರಸಿರಲಿಲ್ಲ.

"ನನ್ನ ಮಗ..." ಎಂದಳು.

ಮುಂದಿನ ಸಾಲಿನ ಚೋನ್ ಕ್ವೊನ್ಸಮ್ಮ ಆಗಲೇ ಅಳತೊಡಗಿದಳು.

"ನನ್ನ ಮಗ," ಎಂದಳು ಮತ್ತೆ ಬುನಿಮ್, "ಬೆಳಗಿನ ಜಾವ ಬಾಗಿಲು ಬಡೀತಾನೆ. ತೆಗೆದ್ರೆ ನನ್ನ ಕಾಲು ಹಿಡ್ಕೋತಾನೆ." ಅವಳ ಗಂಟಲು ಸಡಿಲಾಯಿತು, ದನಿ ಅರ್ಧ ಇಳಿದು ಒಡೆದು ಗಂಡಸಿನದಾಯಿತು. "'ಅಮ್ಮ, ನನ್ನನ್ನ ಮನೆಯಿಂದ ಹಾಕಿಬಿಡಮ್ಮ. ನಾನು ನಿನ್ನ ಹೊಟ್ಟೇಲಿ ಹುಟ್ಟಬಾರ್ದಿತ್ತು.'"

ಅದು ಜುಂಟೇಕ್‌ನ ದನಿಯೇ. ಬಾಲ್ಯದಿಂದ 'ಮ' ಅಕ್ಷರದ ಮೇಲೆ ಅವನು ತುಸು ನಿಲ್ಲುವುದು, ಮೂಗಿನಿಂದ ಉಸಿರೆಳೆದುಕೊಳ್ಳುವುದು, ಎಲ್ಲ ಇತ್ತು. ಇಷ್ಟು ವರ್ಷ ಅವಳ ಅಣಕಕ್ಕೆ ಜನ ನಕ್ಕಿದ್ದರು, ನಕ್ಕು ಹಿಂದೆ ಸರಿದಿದ್ದರು. ಇವತ್ತು ಅಳುತ್ತ ಮುಂದಕ್ಕೆ ಬಾಗಿದರು. ಯುಕ್ ಜಿಪ್ಸಮ್ಮ ಎದೆ ಬಡಿದುಕೊಂಡಳು. ಹಿರಿಯ ಬಾನ್ ಮೂರು ಸಲ ಕೆಮ್ಮಿ, ನಾಲ್ಕನೆಯದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು. ಬುನಿಮ್ ಹತ್ತು ನಿಮಿಷಕ್ಕೆಂದು ಹತ್ತಿದವಳು ಇಪ್ಪತ್ತೈದು ನಿಮಿಷ ಇಳಿಯಲಿಲ್ಲ. ಮಗ ಕದ್ದದ್ದು, ಮಗ ಸಾಯಲು ಹೊರಟದ್ದು, ಮಗ ಅವಳ ಹೊಲಿಗೆ ಯಂತ್ರವನ್ನೇ ಅಡವಿಡಲು ಎತ್ತಿಕೊಂಡು ಹೋದದ್ದು. ಒಂದೊಂದಕ್ಕೂ ಒಂದೊಂದು ದನಿ. ಕೊನೆಯ ಸಾಲಿನ ಕಡೆ ಅವಳು ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ, ಅವನು ಎದ್ದು ಹೋಗದೆ ಕೊನೆಯ ಮಾತಿನವರೆಗೂ ಕೇಳಿಸಿಕೊಂಡದ್ದು ಕಾಣುತ್ತಿತ್ತು.

ಪಾಸ್ಟರ್ ಸೋಕ್ ತಲೆಯ ಮೇಲೆ ಕೈಯಿಟ್ಟರು. ಹೂವು ಚುಚ್ಚಿದರು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಸಾಲು. ಒಬ್ಬೊಬ್ಬರಾಗಿ ಬಂದು ಬಾಗಿ ಶುಭ ಹೇಳಬೇಕು, ಅವಳೂ ಬಾಗಬೇಕು. ಅಳುಮೋರೆಗಳು, ತಬ್ಬುಗೆಗಳು, ಅಕ್ಕಿಹಿಟ್ಟಿನ ಕಡುಬಿನ ಪೊಟ್ಟಣಗಳು. ಬಾಗಿ ಬಾಗಿ ಅವಳ ಬೆನ್ನು ನೋಯುತ್ತಿತ್ತು. ಅಂಥ ನೋವಿಗಾಗಿ ಅವಳು ಇಪ್ಪತ್ತಾರು ವರ್ಷ ಕಾದಿದ್ದಳು. ಬಾಗಿದ್ದಾಗಲೇ ಎದುರಿಗೆ ಒಂದು ಜೊತೆ ಕಪ್ಪು ಬೂಟು ಬಂದು ನಿಂತಿತು.

"ಶುಭವಾಗಲಿ, ಪ್ಯೋ ಕ್ವೊನ್ಸಮ್ಮ," ಎಂದಿತು ಒಂದು ದನಿ. ಮರ್ಯಾದೆಯ, ಮೆತ್ತನೆಯ, ದೊಡ್ಡವರೆದುರು ಪರಿಚಯವಿಲ್ಲದವರು ಆಡುವಂಥ ದನಿ.

ಆ ಶಬ್ದ ಕಿವಿಗೆ ಬಿದ್ದಾಗ ಅವಳಿಗೆ ಮೊದಲು ಸಂತೋಷವೇ ಆಯಿತು. 'ಮ' ಅಕ್ಷರದ ಮೇಲೆ ತುಸು ನಿಂತದ್ದು ಆಮೇಲೆ ತಿಳಿಯಿತು. ತಲೆಯೆತ್ತಿದಳು. ಜುಂಟೇಕ್ ಸೊಂಟದಿಂದ ಪೂರ್ತಿ ಬಾಗಿ, ನೆಟ್ಟಗಾಗಿ, ಅವಳ ಹೂವಿನ ಕಡೆ ನೋಡಿದ. ಮುಖದ ಕಡೆ ನೋಡಲಿಲ್ಲ. ಮೂರು ಜನ ಹೆಂಗಸರು ಅವನ ತೋಳು ಹಿಡಿದು, "ಬಾ ಮಗನೇ, ಬಾ, ನಾವಿದ್ದೀವಿ" ಎಂದು ಪಕ್ಕಕ್ಕೆ ಎಳೆದುಕೊಂಡರು.

ಸಾಲು ಇನ್ನೂ ಉದ್ದವಿತ್ತು. ಅವಳು ಮುಂದಿನವರಿಗೆ ಬಾಗಿದಳು.